ಮುದಿಯಪ್ಪನ ನಲವತ್ತೆಂಟು ಗೂಟಗಳು

ಸರ್ಕಾರದ ಸರಪಳಿಯ ತುದಿಯನ್ನು ನಾಲ್ಕು ದಿನ ಹಿಡಿದು ನಿಂತವನು ಐದನೆಯ ದಿನ ಸುಮ್ಮನೆ ಮನೆಗೆ ಬಂದು, ರೊಟ್ಟಿ ತಿಂದು, ಕಂಬಳಿ ಹೊದ್ದು ಮಲಗುತ್ತಾನೆ ಎಂದು ಯಾರಾದರೂ ತಿಳಿದರೆ, ಅವರಿಗೆ ಹಂಚಿಗುಡ್ಡದ ಮುದಿಯಪ್ಪ ಗೊತ್ತಿಲ್ಲ ಎಂದೇ ಅರ್ಥ.

ಹಂಚಿಗುಡ್ಡ ಎಂಬುದು ಕುಷ್ಟಗಿ ತಾಲೂಕಿನ ಅರವತ್ತು ಮನೆಗಳ ಊರು. ನಿಜಾಮ ಸರ್ಕಾರದ ಕಾಲ, ಮೂವತ್ತೆಂಟನೆಯ ಇಸವಿಯ ಬೇಸಿಗೆ. ಭೂಮಿ ಅಳೆಯುವ ಅಮೀನರೊಬ್ಬರು ಆ ಸೀಮೆಗೆ ಬಂದಾಗ ಊರಿಗೊಬ್ಬ ಆಳು ಬಿಟ್ಟಿ ಕೆಲಸಕ್ಕೆ ಹೋಗಬೇಕೆಂದು ಹುಕುಂ ಆಯಿತು. ಊರಿನ ಕಂದಾಯ ನೋಡಿಕೊಳ್ಳುವ ಮಾಲಿಗೌಡ ಗವಿಸಿದ್ದಪ್ಪನವರು ಅರವತ್ತು ಮನೆಗಳನ್ನೂ ಮನಸ್ಸಿನಲ್ಲೇ ಸುತ್ತಿ ಬಂದು, ಯಾರು ಹೋದರೆ ಊರಿಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಯೋಚಿಸಿ ಮುದಿಯಪ್ಪನನ್ನು ಕಳಿಸಿದರು. ಅವನು ನಾಲ್ಕು ದಿನ ಬಿಸಿಲಿನಲ್ಲಿ ಅಳತೆಯ ಸರಪಳಿಯ ತುದಿ ಹಿಡಿದ. ಅಮೀನರು ಎಳೆ ಎಂದಾಗ ಎಳೆದ, ಬಿಡು ಎಂದಾಗ ಬಿಟ್ಟ. ಅವರು ಒಂದು ಕಣ್ಣು ಮುಚ್ಚಿ ದುರ್ಬೀನಿನಲ್ಲಿ ನೋಡುವಾಗ ದೂರದಲ್ಲಿ ತಾನೂ ಒಂದು ಕಣ್ಣು ಮುಚ್ಚಿ ನಿಂತ. ಅವನು ಕಲಿತ ವಿದ್ಯೆ ಇಷ್ಟೇ.

ಊರಿಗೆ ಬಂದವನು ಎರಡೂ ಕಣ್ಣು ತೆರೆದು ಯಾವುದನ್ನೂ ನೋಡದಾದ. ಕಟ್ಟೆಯ ಮೇಲೆ ಕುಳಿತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಊರನ್ನು ಅಳೆಯತೊಡಗಿದ.

"ಪಕ್ಕೀರಪ್ಪಣ್ಣಾ, ನಿಮ್ಮ ಹಿತ್ತಲ ಗೋಡಿ ನಾಕ ಬೆರಳ ವಾಲೈತಿ."

ಪಕ್ಕೀರಪ್ಪ ಊರಿನಲ್ಲೇ ಅಂಜುಬುರುಕ. ಅವನು ಎರಡು ದಿನ ಆ ಗೋಡೆಯ ಪಕ್ಕದಲ್ಲಿ ಮಲಗಲಿಲ್ಲ. ಮೂರನೆಯ ದಿನ ಗೋಡೆಗೆ ಒಂದು ತೊಲೆ ಆನಿಸಿದ. ಆ ತೊಲೆಯ ಭಾರಕ್ಕೆ ಗೋಡೆ ಬಿದ್ದಿತು. ಮುದಿಯಪ್ಪನ ಮಾತು ಹೀಗೆ ನಿಜವಾದ ಮೇಲೆ ಜನ ಅವನನ್ನು 'ಅಮೀನಸಾಹೇಬ' ಎಂದು ಕರೆಯತೊಡಗಿದರು. ಅರ್ಧ ಜನ ಗೇಲಿಗೆ ಕರೆದರು, ಅರ್ಧ ಜನ ಭಯಕ್ಕೆ. ಮುದಿಯಪ್ಪ ಎರಡನ್ನೂ ಮರ್ಯಾದೆ ಎಂದೇ ತೆಗೆದುಕೊಂಡ.

ಆದರೆ ಈ ಅಮೀನಗಿರಿಯ ಹಿಂದೆ ಒಂದು ಸಂಕಟ ಇತ್ತು. ಅವನ ಎಂಟು ಎಕರೆ ಎರೆಹೊಲ ಗುಡ್ಡದ ಇಳಿಜಾರಿನ ಕಟ್ಟಕಡೆಗೆ, ಹಳ್ಳದ ದಂಡೆಯ ಮೇಲಿತ್ತು. ಮಳೆ ಬಂದಾಗ ಮೇಲಿನ ಹೊಲಗಳ ನೀರೆಲ್ಲ ಒಟ್ಟುಗೂಡಿ ಅವನ ಹೊಲದ ನಡುವೆಯೇ ಹಳ್ಳಕ್ಕೆ ಇಳಿಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಬೆಕ್ಕು ದಾಟುವಷ್ಟಿದ್ದ ಕೊರಕಲಿನಲ್ಲಿ ಹೋದ ವರ್ಷ ಕರು ಬಿದ್ದು, ಹಗ್ಗ ಹಾಕಿ ಎಳೆಯಬೇಕಾಯಿತು. ಅವನ ಹೊಲದ ಕಪ್ಪು ಮಣ್ಣು ಹಳ್ಳ ಸೇರಿ, ಹಿರೇಹಳ್ಳ ಸೇರಿ, ತುಂಗಭದ್ರೆ ಸೇರಿ ಎಲ್ಲಿಗೋ ಹೋಗುತ್ತಿತ್ತು.

"ನನ್ನ ಮಣ್ಣಿನ್ಯಾಗ ವಿರೂಪಾಪುರಗಡ್ಡಿಯಾಗ ಯಾರೋ ಭತ್ತ ಬೆಳದ ಉಣ್ಣಾಕತ್ಯಾರ," ಎಂದು ಅವನು ಹೇಳಿಕೊಳ್ಳುತ್ತಿದ್ದ. "ಉಣ್ಲಿ. ಒಂದ ಸಲ ಕರದ ನನಗೂ ಒಂದ ತುತ್ತ ನೀಡಿದ್ರ ಆಗ್ತಿತ್ತು."

ಹೆಂಡತಿ ಶಂಕ್ರಮ್ಮನಿಗೆ ಇಂಥ ಮಾತಿನಲ್ಲಿ ಸಮಾಧಾನ ಸಿಗುತ್ತಿರಲಿಲ್ಲ. "ಈ ಮಳಿಗೆ ಕೊರಕಲ ಇನ್ನೊಂದ ಮಾರ ಅಗಲ ಆದ್ರ ಬಿತ್ತೂದ ಎಲ್ಲೆರಿ? ನಿಮ್ಮ ತಲೀಮ್ಯಾಲೇನು?" ಎಂದು ಕೇಳುತ್ತಿದ್ದಳು.

ಮದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಇಳಿಜಾರಿನ ನಡುವಿಗೆ ಅಡ್ಡಲಾಗಿ ಒಂದು ಉದ್ದನೆಯ ಮಣ್ಣಿನ ಒಡ್ಡು ಹಾಕಬೇಕು. ನೀರು ಅಲ್ಲಲ್ಲೇ ನಿಂತು ಇಂಗಬೇಕು. ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಊರಿನಲ್ಲಿ ಮುಯ್ಯಿಯ ಪದ್ಧತಿ ಇತ್ತು: ಇಂದು ಊರೆಲ್ಲ ನಿನ್ನ ಹೊಲದಲ್ಲಿ ದುಡಿದರೆ, ನಾಳೆಯಿಂದ ನೀನು ಒಬ್ಬೊಬ್ಬರ ಹೊಲಕ್ಕೂ ಹೋಗಿ ದುಡಿಯಬೇಕು. ಆದರೆ ಒಡ್ಡು ಬೀಳುವುದು ಮೇಲಿನವರ ಹೊಲದಲ್ಲಿ. ಮೂರು ವರ್ಷ ಮುದಿಯಪ್ಪ ಗೌಡರ ಮನೆಗೆ ಹೋಗಿ ಕೈಮುಗಿದ. ಮೂರು ವರ್ಷವೂ ಗೌಡರು ಒಂದೇ ಉತ್ತರ ಕೊಟ್ಟರು.

"ನೀರು ತಾನಾಗೇ ಬರ್ತೈತಿ, ತಾನಾಗೇ ಹೋಗತೈತಿ. ಹೋಗೂದನ್ನ ಹಿಡದ ನಿಲ್ಲಸಾಕ ನಾ ಏನ ಅದರ ಬೀಗನೇನು?"

ಈಗ ವಿದ್ಯೆ ಕಲಿತು ಬಂದ ಮುದಿಯಪ್ಪನಿಗೆ ಒಂದು ಉಪಾಯ ಹೊಳೆಯಿತು. ಬಾಯಿಂದ ಹೇಳಿದರೆ ಗೌಡರಿಗೆ ತಿಳಿಯುವುದಿಲ್ಲ. ಗೂಟ ಹುಗಿದು ಗೆರೆ ತೋರಿಸಿದರೆ ತಿಳಿದೀತು. 'ನೋಡ್ರಿ ಗೌಡ್ರ, ಇಷ್ಟ ಗೆರಿ. ಇದರ ಮ್ಯಾಲ ಒಂದೊಂದ ಬುಟ್ಟಿ ಮಣ್ಣ' ಎಂದರೆ ಒಪ್ಪಿಯಾರು. ಯೋಚನೆ ಸರಿಯಾಗಿಯೇ ಇತ್ತು. ಮುದಿಯಪ್ಪನ ಯೋಚನೆಗಳು ಯಾವಾಗಲೂ ಸರಿಯಾಗಿಯೇ ಹೊರಡುತ್ತಿದ್ದವು.

ಸಂತೆಯ ದಿನ ಊರು ಖಾಲಿಯಾದ ಮೇಲೆ ಅವನು ಬೇವಿನ ಕೊಂಬೆ ಕಡಿದು ನಲವತ್ತೆಂಟು ಗೂಟ ಮಾಡಿ, ತುದಿಗಳನ್ನು ಸುಣ್ಣದ ನೀರಿನಲ್ಲಿ ಅದ್ದಿ, ಗೋಣಿಚೀಲಕ್ಕೆ ತುಂಬಿಕೊಂಡು ಇಳಿಜಾರಿಗೆ ಹೋದ. ದುರ್ಬೀನಿಗೆ ಬದಲು ಒಂದು ಬಿದಿರಿನ ಕೊಳವೆ ತಂದಿದ್ದ. ಒಡ್ಡಿನ ಗೆರೆ ಮಟ್ಟಸವಾಗಿರಬೇಕು, ಎಲ್ಲಿಯೂ ಏರಬಾರದು, ಇಳಿಯಬಾರದು ಎಂಬುದು ಅವನಿಗೂ ಗೊತ್ತಿತ್ತು. ಕೊಳವೆಗೆ ಕಣ್ಣಿಟ್ಟ. ಕತ್ತಲೆ ಕಂಡಿತು. ಇನ್ನೊಂದು ಕಣ್ಣಿಟ್ಟ. ಆ ಕಡೆಯೂ ಕತ್ತಲೆ. ನಾಲ್ಕು ದಿನದ ವಿದ್ಯೆ ಇಷ್ಟು ಬೇಗ ಮರೆತುಹೋಯಿತೇ ಎಂದು ಅವನು ಗಾಬರಿಯಾದ. ಬಿದಿರಿನ ಗಿಣ್ಣನ್ನು ಕೊರೆದಿಲ್ಲವೆಂಬುದು ಅವನ ಲಕ್ಷ್ಯಕ್ಕೆ ಬರಲೇ ಇಲ್ಲ.

ಕೊಳವೆಯನ್ನು ಎಸೆದು ತಲೆಯ ಮೇಲೆ ಕೈಹೊತ್ತು ಕುಳಿತಿರುವಾಗ ಅಗಸರ ಹೊಳಿಯಪ್ಪನ ಕತ್ತೆ ಬಂದಿತು. ಹೊಳಿಯಪ್ಪ ಗುಡ್ಡದ ಮಗ್ಗುಲಿನ ಒರತೆಯ ಹತ್ತಿರ ಬಟ್ಟೆ ಒಗೆದು, ಕತ್ತೆಯ ಮೇಲೆ ಹೊರೆ ಹೇರಿ, ಅದೊಂದನ್ನೇ ಊರಿಗೆ ಕಳಿಸುತ್ತಿದ್ದ. ದಾರಿ ಅದಕ್ಕೆ ಗೊತ್ತಿತ್ತು. ಒದ್ದೆ ಬಟ್ಟೆಯ ಭಾರ ಹೊತ್ತ ಕತ್ತೆ ಯಾಕೆ ಏರು ಹತ್ತೀತು? ಇಳಿದರೆ ಮತ್ತೆ ಹತ್ತಬೇಕೆಂದು ಇಳಿಯಲೂ ಇಲ್ಲ. ಗುಡ್ಡದ ಮೈಯನ್ನೇ ಬಳಸಿಕೊಂಡು ಮಟ್ಟಸವಾಗಿ ಹೊರಟಿತು. ಮುದಿಯಪ್ಪ ಅದನ್ನು ಒಂದು ಕಣ್ಣಿನಿಂದ ನೋಡಿದ, ಆಮೇಲೆ ಎರಡೂ ಕಣ್ಣಿನಿಂದ ನೋಡಿದ, ಆಮೇಲೆ ಚೀಲ ಹೆಗಲಿಗೇರಿಸಿ ಅದರ ಹಿಂದೆ ನಡೆದ. ಇಪ್ಪತ್ತು ಹೆಜ್ಜೆಗೊಂದು ಗೂಟ ಹುಗಿದ. ಗೌಡರ ಕಣದ ಹತ್ತಿರ ಕತ್ತೆ ಗೆರೆ ಬಿಟ್ಟು ಪಕ್ಕಕ್ಕೆ ತಿರುಗಿ, ಜೋಳದ ಹೊಟ್ಟು ತಿಂದು, ಮತ್ತೆ ದಾರಿಗೆ ಬಂದಿತು. ಗುರುವಿನ ಹೆಜ್ಜೆ ತಪ್ಪಬಾರದೆಂದು ಮುದಿಯಪ್ಪ ಅಲ್ಲಿಯೂ ಮೂರು ಗೂಟ ಹುಗಿದ. ಊರು ಸಂತೆಯಿಂದ ಬರುವುದರೊಳಗೆ ಮನೆಗೆ ಬಂದು, ನಾಳೆ ಬೆಳಿಗ್ಗೆ ಗೌಡರನ್ನು ಕರೆದುಕೊಂಡು ಹೋಗುವೆನೆಂದು ಸಂತೋಷದಿಂದ ಮಲಗಿದ.

ಬೆಳಿಗ್ಗೆ ಅವನಿಗಿಂತ ಮೊದಲು ಪಕ್ಕೀರಪ್ಪ ಎದ್ದ. ತಂಬಿಗೆ ಹಿಡಿದು ಬಯಲಿಗೆ ಹೋದವನು, ಹೋದ ಕೆಲಸ ಮರೆತು, ತಂಬಿಗೆ ಅಲ್ಲೇ ಬಿಟ್ಟು ಓಡಿ ಬಂದ.

"ಗೂಟ! ಸುಣ್ಣ ಹಚ್ಚಿದ ಗೂಟ! ಸರ್ಕಾರ ಬಂದ ಹೋಗೇತಿ!"

ಸುಣ್ಣ ಹಚ್ಚಿದ ಗೂಟವೆಂದರೆ ಆ ಸೀಮೆಯಲ್ಲಿ ಸರ್ಕಾರದ ಬೆರಳು ಎಂದೇ ಲೆಕ್ಕ. ಅದನ್ನು ಕಿತ್ತವನು ಜೇಲಿಗೆ ಹೋಗುತ್ತಾನೆ. ಮುಟ್ಟಿದವನು ಕುಷ್ಟಗಿಗೆ ಹೋಗುತ್ತಾನೆ. ನೋಡಿದವನು ಸಾಕ್ಷಿಗೆ ಹೋಗುತ್ತಾನೆ. ಅರ್ಧ ತಾಸಿನೊಳಗೆ ಊರು ಗೌಡರ ಕಟ್ಟೆಯ ಮುಂದೆ ಸೇರಿತು. ರೈಲು ಬರುತ್ತದೆ, ಅದೂ ನೇರ ತನ್ನ ಮನೆಯ ಬಾಗಿಲಿಗೇ ಬರುತ್ತದೆ ಎಂದ ಪಕ್ಕೀರಪ್ಪ. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಾರಂತೆ, ನೀರು ಈ ಗೂಟದ ತನಕ ಬರುತ್ತದಂತೆ ಎಂದರು ಕೆಲವರು. ಹೊಳೆ ಎಲ್ಲಿ, ಹಂಚಿಗುಡ್ಡ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗೌಡರ ಹೆಂಡತಿ ಗುರುಲಿಂಗಮ್ಮನವರು ಮಾತ್ರ ತುಪ್ಪದ ಗಡಿಗೆಯನ್ನು ಒಳಕೋಣೆಗೆ ಸಾಗಿಸಿದರು. ಸಾಹೇಬರು ಬಂದರೆ ಮೊದಲು ಕೇಳುವುದು ಏನೆಂದು ಅವರಿಗೆ ಗೊತ್ತಿತ್ತು.

"ಅಮೀನಸಾಹೇಬ ಎಲ್ಲದಾನ? ಕರೀರಿ ಅವನ್ನ," ಎಂದರು ಗೌಡರು.

ಮುದಿಯಪ್ಪ ನಿಜ ಹೇಳಬೇಕೆಂದೇ ಬಂದ. ಬಾಯಿ ತೆರೆದೂ ಇದ್ದ. ಆದರೆ ಗೌಡರು ಹುಟ್ಟಿದಂದಿನಿಂದ ಮೊದಲ ಬಾರಿಗೆ, "ಬಾರಪಾ ಮುದಿಯಪ್ಪಾ, ಮ್ಯಾಲ ಕುಂದರು," ಎಂದು ತಮ್ಮ ಕಂಬಳಿಯ ತುದಿಯನ್ನು ತಟ್ಟಿ ತೋರಿಸಿದರು. ಗುರುಲಿಂಗಮ್ಮನವರು ಬೆಲ್ಲದ ಚಹ ತಂದುಕೊಟ್ಟರು. ಅಷ್ಟರಲ್ಲಿ ಯಾರೋ, "ಇದು ಸರ್ಕಾರದ್ದಲ್ಲ, ಯಾವನೋ ಮಂಗ್ಯಾ ಹುಗದಾನ ಅಂದ್ರ?" ಎಂದರು. "ಹಂಗಿದ್ರ ಅವನ್ನ ಆ ಗೂಟಕ್ಕ ಕಟ್ಟಿ ಬಡೀತೀನಿ," ಎಂದರು ಗೌಡರು. ಮುದಿಯಪ್ಪ ತೆರೆದ ಬಾಯಿಗೆ ಚಹ ಸುರಿದುಕೊಂಡ.

ಆಮೇಲೆ ಅವನು ಊರನ್ನು ಹಿಂದೆ ಕಟ್ಟಿಕೊಂಡು ತನ್ನ ಗೂಟಗಳನ್ನು ಪರೀಕ್ಷಿಸಲು ಹೊರಟ. ಮೊದಲ ಗೂಟದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಸುಣ್ಣದ ವಾಸನೆ ನೋಡಿದ.

"ಅಳತಿ ಭಾಳ ಛಲೋ ಐತಿ," ಎಂದ. ಇದನ್ನು ಅವನು ಮನಸ್ಸಿನಿಂದಲೇ ಹೇಳಿದ. "ಇದು ಸಣ್ಣ ಅಮೀನರ ಕೆಲಸಲ್ಲ. ಯಾರೋ ದೊಡ್ಡ ಕೈ."

"ಕಣದ ಹಂತೇಕ ಸೊಟ್ಟ ತಿರಿಗೇತೆಲ್ಲೋ?" ಎಂದರು ಗೌಡರು.

"ಅದೂ ವಿದ್ಯಾನ ಗೌಡ್ರ. ನಮಗ ತಿಳಿಯೂದಲ್ಲ."

"ಏನ ಮಾಡಾಕ ಹುಗದಾರ ಅದನ್ನ ಹೇಳು."

ಇಲ್ಲಿ ಮುದಿಯಪ್ಪನಿಗೆ ತನ್ನ ಹೊಲ ನೆನಪಾಯಿತು. "ಒಡ್ಡಿನ ಗೆರಿ ಇದು," ಎಂದ ಗಂಟಲು ಸರಿಮಾಡಿಕೊಂಡು. "ಸರ್ಕಾರ ಇಲ್ಲೆ ಒಡ್ಡ ಹಾಕ್ತೈತಿ. ಮೊದಲ ಸಾಹೇಬರ ಡೇರೆ ಬರ್ತಾವ. ಒಡ್ಡ ಮುಗಿಯೂ ಮಟ ಅವರು ಇಲ್ಲೇ ಇರ್ತಾರ."

ಡೇರೆ ಎಂದರೆ ದಿನಕ್ಕೆ ಎಂಟು ಕೋಳಿ, ಹಾಲು, ತುಪ್ಪ, ಕುದುರೆಗೆ ಹುರುಳಿ, ಜವಾನರಿಗೆ ಬೀಡಿ. ಮೇಲೆ ಊರೆಲ್ಲ ಬಿಟ್ಟಿ ದುಡಿತ. ಅಣೆಕಟ್ಟಿನ ನೀರು ಬಂದರೂ ಜನ ಇಷ್ಟು ಹೆದರುತ್ತಿರಲಿಲ್ಲ.

ಆಗ ಮಾತಾಡಿದವಳು ದಾವಲಬೀ. ಗಂಡ ಸತ್ತ ಮೇಲೆ ನಾಲ್ಕು ಎಕರೆಯನ್ನು ತಾನೇ ನೋಡಿಕೊಳ್ಳುತ್ತಿದ್ದ ಮುದುಕಿ. ಊರಿನಲ್ಲಿ ಗೌಡರಿಗೆ ಎದುರುತ್ತರ ಕೊಡುವ ಏಕೈಕ ಪ್ರಾಣಿ.

"ಅಲ್ರೋ ಯಪ್ಪಗಳಿರಾ, ಒಡ್ಡ ಇರದಿದ್ರ ಹಾಕ್ಸಾಕ ಬರ್ತಾರ. ಅವರ ಬರೂದ್ರಾಗ ನಾವ ಹಾಕಿಬಿಟ್ರ ಯಾವ ಮಾರಿ ಇಟಗೊಂಡ ಬರ್ತಾರ?"

ಗೌಡರು ಅವಳನ್ನು ನೋಡಿದರು, ಗೂಟಗಳನ್ನು ನೋಡಿದರು, ಕಣದಲ್ಲಿ ಮೇಯುತ್ತಿದ್ದ ಕೋಳಿಗಳನ್ನು ನೋಡಿದರು. "ಎತ್ರಿ ಸಲಿಕಿ," ಎಂದರು.

ಮೂರು ವರ್ಷ ಕೈಮುಗಿದರೂ ಆಗದ ಕೆಲಸ ಆ ಮಧ್ಯಾಹ್ನವೇ ಶುರುವಾಯಿತು. ಮನೆಗಿಬ್ಬರಂತೆ ಬಂದರು. ಇದು ಯಾರೊಬ್ಬರ ಹೊಲದ ಕೆಲಸವೂ ಅಲ್ಲ, ಆದ್ದರಿಂದ ಎಲ್ಲರದೂ ಎಲ್ಲರಿಗೂ ಮುಯ್ಯಿ ಎಂದು ತೀರ್ಮಾನವಾಯಿತು. ಗಂಡಸರು ಅಗೆದರು, ಹೆಂಗಸರು ಬುಟ್ಟಿ ಹೊತ್ತರು, ಹೊಳಿಯಪ್ಪನ ಕತ್ತೆಯೂ ಎರಡು ಬುಟ್ಟಿ ಮಣ್ಣು ಹೊತ್ತು ತಾನೇ ಹಾಕಿದ ಗೆರೆಯ ಮೇಲೆ ಓಡಾಡಿತು. ಯಾರೂ ಅದಕ್ಕೆ ಒಂದು ಹಿಡಿ ಹೊಟ್ಟು ಹೆಚ್ಚಿಗೆ ಹಾಕಲಿಲ್ಲ.

ಒಬ್ಬ ಮುದಿಯಪ್ಪನಿಗೆ ಮಾತ್ರ ಸಲಿಕೆ ಮುಟ್ಟಲು ಬಿಡಲಿಲ್ಲ. "ನೀ ಬರೇ ನೋಡು. ಗೆರಿ ತಪ್ಪಿದ್ರ ಹೇಳು," ಎಂದರು. ಅವನು ದಿನವಿಡೀ ಒಂದು ಕಣ್ಣು ಮುಚ್ಚಿ ನಿಂತು ನಿಂತು ಸಂಜೆಗೆ ಆ ರೆಪ್ಪೆ ತೆರೆಯುವುದೇ ಕಷ್ಟವಾಯಿತು. ಶಂಕ್ರಮ್ಮ ಅವನ ಪಾಲಿನ ಬುಟ್ಟಿಯನ್ನೂ ಹೊತ್ತು ಅವನ ಮುಂದೆ ಹಾಯುವಾಗಲೆಲ್ಲ, "ಅಮೀನಸಾಹೇಬ್ರ, ಕಣ್ಣ ನೋಯಿಸ್ಕೋಬ್ಯಾಡ್ರಿ," ಎನ್ನುತ್ತಿದ್ದಳು.

ಜಗಳಗಳೂ ಆದವು. ತನ್ನ ಹೊಲದಲ್ಲಿ ಒಡ್ಡು ಹೆಚ್ಚು ಜಾಗ ತಿನ್ನುತ್ತದೆಂದು ಪಕ್ಕೀರಪ್ಪ ನಾಲ್ಕು ಗೂಟಗಳನ್ನು ದಾವಲಬೀಯ ಹೊಲದ ಕಡೆಗೆ ಸರಿಸಿ ಹುಗಿದ. ದಾವಲಬೀ ಅವನ ರುಮಾಲು ಹಿಡಿದು ಗೌಡರ ಮುಂದೆ ಎಳೆದು ತಂದಳು. ಮುದಿಯಪ್ಪ ನ್ಯಾಯ ಹೇಳಬೇಕಾಯಿತು. ಗೂಟ ಎಲ್ಲಿತ್ತೆಂದು ಅವನಿಗೆ ನೆನಪಿರಲಿಲ್ಲ. ಒಂದು ತಾಸು ತಡೆಯಿರಿ ಎಂದು ಹೇಳಿ, ಕತ್ತೆ ಬರುವ ತನಕ ಕಾಯ್ದು, ಅದು ಹಾದುಹೋದ ಕಡೆ ಗೂಟ ಹುಗಿಸಿದ. ಎಂಥಾ ತಾಳ್ಮೆ, ಎಂಥಾ ವಿಚಾರ ಎಂದು ಜನ ತಲೆದೂಗಿದರು. ಗೌಡರು ಕಣದ ಹತ್ತಿರದ ತಿರುವನ್ನು ನೇರ ಮಾಡಲು ಒಪ್ಪಲೇ ಇಲ್ಲ. ಸರ್ಕಾರ ಸೊಟ್ಟ ಹಾಕಿದ್ದನ್ನು ನಾವು ನೆಟ್ಟಗೆ ಮಾಡಿದರೆ ಕೇಸು ಆಗುತ್ತದೆ ಎಂದರು.

ಹದಿಮೂರು ದಿನಕ್ಕೆ ಮೊಣಕಾಲೆತ್ತರ ಮೀರಿ ಅರ್ಧ ಮೈಲಿ ಒಡ್ಡು ಮುಗಿಯಿತು. ಹೆಚ್ಚಾದ ನೀರು ಹೋಗಲು ಒಂದು ಕಡೆ ಕಲ್ಲು ಜೋಡಿಸಿ ಕೋಡಿ ಮಾಡಿದರು. ಮೈಮೇಲೆ ಹುಲ್ಲು ನೆಟ್ಟರು. ಡೇರೆ ಬರಲಿಲ್ಲ. ಅಂದಮೇಲೆ ಉಪಾಯ ಫಲಿಸಿತೆಂದು ಊರು ಸಂತೋಷಪಟ್ಟಿತು.

ಹದಿನಾಲ್ಕನೆಯ ದಿನ ಕುದುರೆಯ ಮೇಲೆ ಗಿರದಾವರ ಸಾಹೇಬರು ಬಂದರು. ತಾಲೂಕಿನಲ್ಲಿ ಹೊಲ ಹೊಲ ತಿರುಗಿ ಜಮೀನಿನ ತಪಾಸಣೆ ಮಾಡುವ ಅಧಿಕಾರಿ. ಅವರು ಬಂದದ್ದು ಬೇರೆ ಯಾವುದೋ ಕೆಲಸಕ್ಕೆ. ಗುಡ್ಡ ಇಳಿಯುವಾಗ ಹೋದ ವರ್ಷ ಇಲ್ಲದ ಒಡ್ಡೊಂದು ಅರ್ಧ ಮೈಲಿ ಮಲಗಿರುವುದನ್ನು ಕಂಡು ಕುದುರೆ ನಿಲ್ಲಿಸಿದರು.

"ಯೇ ಕ್ಯಾ ಹೈ ಗೌಡಾ? ಯಾರ ಹುಕುಂ?"

"ಸರ್ಕಾರದ್ದ ರೀ," ಎಂದರು ಗೌಡರು ಕೈಮುಗಿದು. "ತಾವ ಗೂಟ ಹುಗಸಿದ್ರಿ. ತಮಗ್ಯಾಕ ತ್ರಾಸ ಅಂತ ನಾವ ಮುಗಸಿಬಿಟ್ಟಿವಿ."

ಗಿರದಾವರರು ಮೀಸೆ ತಿರುವಿದರು. ಅವರಿಗೆ ಏನೂ ತಿಳಿಯಲಿಲ್ಲ. ತಮಗೆ ಹೇಳದೆ ಯಾವ ಮೇಲಧಿಕಾರಿ ಬಂದು ಗೂಟ ಹುಗಿಸಿ ಹೋದ? ಕುಷ್ಟಗಿಯವರೇ? ರಾಯಚೂರಿನವರೇ? ಕೇಳಿದರೆ ತಮಗೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ವಿದ್ಯೆಯಲ್ಲಿ ಅವರು ಮುದಿಯಪ್ಪನಿಗಿಂತ ಇಪ್ಪತ್ತು ವರ್ಷ ಹಿರಿಯರು.

"ಹಾಂ ಹಾಂ. ನಮ್ಮದೇ ಹುಕುಂ," ಎಂದರು. "ಗೆರಿ ನಾನೇ ಖುದ್ದ ನಕಾಶಿ ಮಾಡಿ ಹಾಕಿಸಿದ್ದು. ಆ ತಿರುವು ನೋಡು, ಆ ಕಣದ ಹತ್ರ. ಹಿಕ್ಮತ್ ಬೇಕು ಅದಕ್ಕೆ, ಜಾಣತನ! ನೀರಿನ ಜೋರು ಅಲ್ಲೇ ಮುರೀತದೆ."

ಊರೆಲ್ಲ ತಿರುವನ್ನು ನೋಡಿ ಬೆರಗಾಯಿತು. ಮುದಿಯಪ್ಪನೂ ನೋಡಿದ. ಅವನಿಗೇ ಒಂದು ಕ್ಷಣ ಹೌದೇನೋ ಎನ್ನಿಸಿತು.

"ನಾಳೆ ಬೆಳಿಗ್ಗೆ ಚಾವಡಿಯಲ್ಲಿ ರಿಪೋರ್ಟು ಬರೀತೀನಿ," ಎಂದು ಸಾಹೇಬರು ಕುದುರೆ ತಿರುಗಿಸಿದರು. "ಒಡ್ಡು ಸರ್ಕಾರದ್ದು, ನೀರು ಸರ್ಕಾರದ್ದು. ಕೆಳಗಿನ ಹೊಲ ಎಲ್ಲಾ ಇನ್ನು ಖುಷ್ಕಿ ಅಲ್ಲ, ತರಿ. ಕಂದಾಯ ಮೂರು ಪಟ್ಟು."

ಖುಷ್ಕಿ ಎಂದರೆ ಮಳೆಯ ಮೇಲೆ ಬೆಳೆಯುವ ಒಣಭೂಮಿ. ತರಿ ಎಂದರೆ ಸರ್ಕಾರದ ನೀರುಣ್ಣುವ ಗದ್ದೆ. ಜೋಳ ಸಜ್ಜೆ ಬೆಳೆಯುವ ನೆಲಕ್ಕೆ ಗಂಗಾವತಿಯ ಭತ್ತದ ಗದ್ದೆಯ ಕಂದಾಯ! ಗೌಡರದು ಒಡ್ಡಿನ ಕೆಳಗೆ ಮೂವತ್ತು ಎಕರೆ ಇತ್ತು. ಅವರು ಅಲ್ಲೇ ಒಡ್ಡಿನ ಮೇಲೆ ಕುಳಿತುಬಿಟ್ಟರು. ಪಕ್ಕೀರಪ್ಪ ಈಗಲೇ ಸಲಿಕೆ ತಂದು ಒಡೆದುಹಾಕೋಣವೆಂದ. ಸರ್ಕಾರದ ಒಡ್ಡು ಒಡೆದರೆ ಜೇಲು ಎಂದು ಯಾರೋ ನೆನಪಿಸಿದರು.

ಮುದಿಯಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಒಡ್ಡು ಸರ್ಕಾರದ್ದಾಗಿ ಉಳಿದರೆ ಮೂರು ಪಟ್ಟು ಕಂದಾಯಕ್ಕೆ ಅವನ ಹೊಲ ಹೋಗುತ್ತದೆ. ಒಡ್ಡು ಹೋದರೆ ಹೊಲವೇ ಹಳ್ಳಕ್ಕೆ ಹೋಗುತ್ತದೆ. ಹೇಗೂ ಹೋಗುವ ಹೊಲವನ್ನು ಉಳಿಸಲು ಒಂದೇ ದಾರಿ ಇತ್ತು: ಗೂಟ ಹುಗಿದವನು ತಾನೇ ಎಂದು ಒಪ್ಪಿಕೊಳ್ಳುವುದು. ಆ ದಾರಿಯ ತುದಿಯಲ್ಲಿ ಗೌಡರು ಗೂಟ ಹಿಡಿದು ನಿಂತಿದ್ದರು. ಅವನಿಗೆ ಅಳು ಬಂದಿತು.

ಆ ಸಂಜೆ ಗೌಡರೇ ಅವನ ಮನೆಗೆ ಬಂದರು. ಹಿಂದೆ ಅರ್ಧ ಊರಿತ್ತು.

"ಮುದಿಯಪ್ಪಾ, ಒಂದ ಕೆಲಸ ಆಗಬೇಕು," ಎಂದರು ಗೌಡರು. "ಊರಾಗಿನ ಮಂದಿ ತಾವ ಹಾಕಿಕೊಂಡ ಒಡ್ಡಿಗೆ ತರಿ ಬರೂದಿಲ್ಲ, ಅದು ಹಳೇ ಕಾನೂನು. ಆ ಗೂಟ ಹುಗದಾಂವ ಊರಾಂವ ಅಂತ ಯಾರರ ಒಬ್ಬರು ಎದಿ ಕೊಟ್ಟ ಹೇಳಬೇಕು. ಅಳತಿ ಬಲ್ಲಾಂವ ನೀ ಒಬ್ಬನ. ನೀ ಹುಗದೀನಿ ಅಂತ ಒಂದ ಸುಳ್ಳ ಹೇಳು."

ಮುದಿಯಪ್ಪ ಅವರ ಕಾಲಿಗೆ ಬಿದ್ದ. "ಸುಳ್ಳಲ್ರೀ ಗೌಡ್ರ, ಖರೇನ ನಾನ ಹುಗದೀನಿ! ಬಡೀರಿ ನನ್ನ!"

ಗೌಡರು ಅವನನ್ನು ಎತ್ತಿ ನಿಲ್ಲಿಸಿ ಊರಿನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ನೀರಿತ್ತು. "ನೋಡಿದ್ರೇನು? ಹಿಂಗ ಹೇಳಬೇಕು. ಕಾಲ ಹಿಡಿಯೂದನ್ನ ಸೈತ ಬಿಡಲಿಲ್ಲ. ನಾಳೆ ಚಾವಡ್ಯಾಗ ಇದನ್ನ ಹಿಂಗ ಮಾಡು, ಒಂದ ಅಕ್ಷರ ಬದಲ ಮಾಡಬ್ಯಾಡ."

ಮರುದಿನ ಚಾವಡಿಯಲ್ಲಿ ಗಿರದಾವರರು ರಿಪೋರ್ಟಿನ ಮೊದಲ ಪುಟ ಬರೆದು ಮುಗಿಸಿದ್ದರು. ಗೆರೆಯನ್ನು ತಾವೇ ಹಾಕಿದ ವಿಚಾರ ಅದರಲ್ಲಿ ಮೂರು ಕಡೆ ಬಂದಿತ್ತು. ಮುದಿಯಪ್ಪ ಮುಂದೆ ಬಂದ.

"ಸಾಹೇಬ್ರ, ಆ ಗೂಟ ಹುಗದಾಂವ ನಾನರೀ."

"ಝೂಟ್! ಸುಳ್ಳು!" ಎಂದು ಸಾಹೇಬರು ಲೇಖನಿ ಕುಕ್ಕಿದರು. "ನೀನು? ಅಷ್ಟು ಮಟ್ಟಸ ಗೆರಿ? ಮಟ್ಟ ಯಾವುದರಿಂದ ತಗೊಂಡಿ, ಹೇಳು!"

"ಕತ್ತಿ ಹಿಂದ ಹೋದ್ನಿರಿ."

"ಕ್ಯಾ?"

"ಕತ್ತಿರಿ. ಹೊಳಿಯಪ್ಪನ ಕತ್ತಿ. ಅರಿಬಿ ಹೊತಗೊಂಡ ಅದು ಮುಂದ ಮುಂದ ಹೋತು, ನಾ ಗೂಟ ಹುಗಕೋಂತ ಹಿಂದ ಹಿಂದ ಹೋದೆ."

ಸಾಹೇಬರ ದನಿ ಸ್ವಲ್ಪ ಇಳಿಯಿತು.

"ಮತ್ತ ಆ ಕಣದ ಹತ್ರ ತಿರುವು?"

"ಅಲ್ಲೆ ಹೊಟ್ಟ ತಿಂತರೀ."

ಗಿರದಾವರರು ತಾವು ಬರೆದ ಪುಟವನ್ನು ನೋಡಿದರು. ಈ ಪುಟ ರಾಯಚೂರಿಗೆ ಹೋಗುತ್ತದೆ. ನಾಳೆ ಯಾರಾದರೂ ವಿಚಾರಣೆಗೆ ಬರುತ್ತಾರೆ. ಈ ಹುಚ್ಚ ಅವರ ಮುಂದೆಯೂ ಕತ್ತೆಯ ಮಾತನ್ನೇ ಹೇಳುತ್ತಾನೆ. ಆಗ ಗಿರದಾವರರ ನಕಾಶೆ, ಗಿರದಾವರರ ಹಿಕ್ಮತ್ತು, ಎಲ್ಲಕ್ಕೂ ಇಡೀ ಜಿಲ್ಲೆಯಲ್ಲಿ ಏನು ಹೆಸರು ಬೀಳುತ್ತದೆ ಎಂದು ಅವರಿಗೆ ತಕ್ಷಣ ಹೊಳೆಯಿತು. ಶಿಕ್ಷೆ ಕೊಡೋಣವೆಂದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಕತ್ತೆಯೂ ಬರೆಯಲ್ಪಡುತ್ತದೆ. ಅವರು ಪುಟವನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡು, ಇನ್ನೊಂದು ಹಾಳೆಯಲ್ಲಿ ಒಂದೇ ಸಾಲು ಬರೆದರು: ಒಡ್ಡು ಊರವರು ತಾವೇ ಹಾಕಿಕೊಂಡದ್ದು, ಅವರೇ ನೋಡಿಕೊಳ್ಳತಕ್ಕದ್ದು, ಜಮೀನು ಮೊದಲಿನಂತೆ ಖುಷ್ಕಿ. ಆಮೇಲೆ ಚಹವನ್ನೂ ಕುಡಿಯದೆ ಕುದುರೆ ಹತ್ತಿದರು.

ಕುದುರೆ ಗುಡ್ಡದ ಮರೆಯಾಗುವ ತನಕ ಊರು ತಡೆದುಕೊಂಡಿತು. ಆಮೇಲೆ ನಗೆ ಎದ್ದಿತು. ಗೌಡರು ಕಂಬ ಹಿಡಿದು ನಕ್ಕರು. ದಾವಲಬೀ ಮುದಿಯಪ್ಪನ ತಲೆ ನೇವರಿಸಿ ದೃಷ್ಟಿ ತೆಗೆದಳು.

"ಕತ್ತಿ ಅಂದ್ನೆಲ್ಲೋ! ಕತ್ತಿ!" ಎಂದ ಪಕ್ಕೀರಪ್ಪ. "ಎದ್ದ ನಿಂತ ಗಳಿಗ್ಯಾಗ ಎಂಥಾ ಸುಳ್ಳ ಹುಟ್ಟಿತ್ತ ಬಾಯಾಗ!"

"ಸುಳ್ಳಲ್ಲಪಾ," ಎಂದ ಮುದಿಯಪ್ಪ. "ಖರೇನ ಕತ್ತಿ. ಹೊಳಿಯಪ್ಪಾ, ನೀ ಹೇಳೋ. ದಿನಾ ಅದ ದಾರಿ ಹಿಡದ ಬರ್ತೈತಿಲ್ಲ?"

"ಹೌದಪಾ ಹೌದು," ಎಂದ ಹೊಳಿಯಪ್ಪ ಕಣ್ಣು ಮಿಟುಕಿಸಿ. "ಯಾರ ಕೇಳಿದ್ರೂ ನಾ ಹಂಗ ಹೇಳ್ತೀನಿ. ನೀ ಅಂಜಬ್ಯಾಡ."

ಮನೆಗೆ ಬಂದು ಮುದಿಯಪ್ಪ ಹೆಂಡತಿಯ ಮುಂದೆ ಆಣೆ ಮಾಡಿದ. ಶಂಕ್ರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದಳು. "ನೀವ ಹುಗದಿದ್ರ ಆ ಗೆರಿ ಅಷ್ಟ ಚಂದ ಬರ್ತಿತ್ತೇನ್ರಿ?" ಎಂದಳು. ತಾನು ಮಾಡಿದ ಏಕೈಕ ದೊಡ್ಡ ಕೆಲಸವನ್ನು ಜಗತ್ತಿನಲ್ಲಿ ಒಬ್ಬರೂ ನಂಬುವುದಿಲ್ಲವೆಂದು ಅವನಿಗೆ ಆ ದಿನ ಬಹಳ ದುಃಖವಾಯಿತು.

ರೋಹಿಣಿ ಮಳೆ ಎರಡು ದಿನ ಬಿಡದೆ ಹೊಡೆಯಿತು. ಊರೆಲ್ಲ ಗೋಣಿಕೊಪ್ಪೆ ಹಾಕಿಕೊಂಡು ಒಡ್ಡಿನ ಮೇಲೆ ನಿಂತಿತು. ಕೆಂಪು ನೀರು ಗುಡ್ಡ ಇಳಿದು ಬಂದು, ಒಡ್ಡಿಗೆ ತಾಗಿ, ಈ ತುದಿಯಿಂದ ಆ ತುದಿಯ ತನಕ ಒಂದೇ ಸಮನಾಗಿ ನಿಂತಿತು. ಮಿಕ್ಕದ್ದು ಕೋಡಿಯ ಕಲ್ಲಿನ ಮೇಲೆ ಮೆಲ್ಲಗೆ ಇಳಿಯಿತು. ಮುದಿಯಪ್ಪ ಯಾರಿಗೂ ಹೇಳದೆ ಕೆಳಗೆ ತನ್ನ ಹೊಲಕ್ಕೆ ಓಡಿದ. ಕೊರಕಲಿನಲ್ಲಿ ಅವನ ಹೊಲದ ಮೇಲೇ ಬಿದ್ದ ಮಳೆಯ ನೀರು ಮಾತ್ರ ಇತ್ತು. ಅದು ಎಲ್ಲಿಗೂ ಹೋಗದೆ ಅಲ್ಲೇ ಇಂಗುತ್ತಿತ್ತು. ಅವನು ಒಂದು ಹಿಡಿ ಮಣ್ಣು ಎತ್ತಿ ನೋಡಿದ. ಅವನದೇ ಮಣ್ಣು, ಅವನ ಹೊಲದಲ್ಲಿಯೇ ಇತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮಳೆಯಲ್ಲಿಯೇ ಕುಳಿತು ಅತ್ತುಬಿಟ್ಟ.

ಬಿತ್ತನೆಗೆ ಕೂರಿಗೆ ಹೂಡಿದ ದಿನ ಪಕ್ಕೀರಪ್ಪ ಹೊಲದ ಬದುವಿಗೆ ಬಂದು ನಿಂತ. ರುಮಾಲನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದ.

"ಮುದಿಯಪ್ಪಣ್ಣಾ, ನನ್ನ ಎತ್ತ ನಿನ್ನೆ ಗುಡಿ ಇನಾಮ ಹೊಲದಾಗ ಹೊಕ್ಕ ಮೊಳಕಿ ಮೇದುಬಿಟ್ಟಾವ. ಪೂಜಾರಿ ಗೌಡರ ಮುಂದ ಫಿರ್ಯಾದಿ ಮಾಡ್ಯಾನ. ನೀ... ಒಂದ ಸಲ... 'ಎತ್ತ ಬಿಟ್ಟಾಂವ ನಾನ' ಅಂತ ಹೇಳ್ತಿಯೇನು? ನೀ ಹೇಳಿದ್ರ ಎಂಥಾವರೂ ಸುಮ್ಮನಾಗ್ತಾರ."

ಮುದಿಯಪ್ಪನಿಗೆ ನೆತ್ತಿಗೇರಿತು. ಕೂರಿಗೆ ಬಿಟ್ಟು ಬಾರುಕೋಲು ಎತ್ತಿದ. ಎತ್ತಿದವನು ಮೇಲಿನ ಒಡ್ಡಿನ ಕಡೆ ನೋಡಿದ. ಮಳೆಗೆ ಒಡ್ಡು ಅಲ್ಲಲ್ಲಿ ಕುಸಿದಿತ್ತು. ಊರವರೇ ನೋಡಿಕೊಳ್ಳತಕ್ಕದ್ದು ಎಂದು ಸಾಹೇಬರು ಬರೆದು ಹೋದ ಮೇಲೆ ಊರಿನವರು ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಅವನು ಬಾರುಕೋಲನ್ನು ಮೆಲ್ಲಗೆ ಇಳಿಸಿದ.

"ಮೊದಲ ಒಡ್ಡಿಗೆ ಇಪ್ಪತ್ತ ಬುಟ್ಟಿ ಮಣ್ಣ ಹಾಕಿ ಬಾ," ಎಂದ. "ಆಮ್ಯಾಲ ಹೇಳ್ತೀನಿ."

ಪಕ್ಕೀರಪ್ಪ ಇಪ್ಪತ್ತೈದು ಹಾಕಿದ. ಮರುದಿನ ಇನ್ನಿಬ್ಬರು ಬಂದರು: ಒಬ್ಬ ಸರ್ಕಾರದ ಹುಣಸೆಮರದ ಕೊಂಬೆ ಕಡಿದಿದ್ದ, ಇನ್ನೊಬ್ಬ ಬೀಗರಿಗೆ ಹೇಳದೆ ಅವರ ಗಾಡಿ ಒಯ್ದು ಕೀಲು ಮುರಿದಿದ್ದ. ಮೃಗಶಿರಾ ಮಳೆ ಮುಗಿಯುವುದರೊಳಗೆ ಹಂಚಿಗುಡ್ಡದ ಸಣ್ಣಪುಟ್ಟ ತಪ್ಪುಗಳೆಲ್ಲ ಮುದಿಯಪ್ಪನ ಹೆಸರಿಗೆ ಬಂದವು, ಒಡ್ಡು ಒಂದು ಗೇಣು ಎತ್ತರವಾಯಿತು.

ಒಂದು ಬೆಳಿಗ್ಗೆ ಗೌಡರೇ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಒಂದೆರಡು ಸಲ ಕೆಮ್ಮಿ, "ಮುದಿಯಪ್ಪಾ, ಏನಿಲ್ಲ, ನಂದೊಂದ ಕೆಲಸಿತ್ತು," ಎಂದರು.

ಮುದಿಯಪ್ಪ ಏನು ಎತ್ತ ಎಂದು ಕೇಳಲಿಲ್ಲ. "ಸಣ್ಣದಿದ್ರ ಇಪ್ಪತ್ತ ಬುಟ್ಟಿರಿ, ಗೌಡ್ರ," ಎಂದ. "ದೊಡ್ಡದಿದ್ರ ಗಾಡಿ ಹೂಡಬೇಕಾಗ್ತೈತಿ."

ಗೌಡರು ಇನ್ನೊಮ್ಮೆ ಸುತ್ತ ನೋಡಿಕೊಂಡರು. ಆಮೇಲೆ ಗಾಡಿ ಹೂಡಲು ಹೋದರು.